ಕೂತಲ್ಲಿ ಕೂರುವ ಹುಡುಗಿ

ಕಾವ್ಯಾಳ ತಲೆ ಬಾಚುವ ಸದ್ದಿನಿಂದಲೇ ತಿಕೋಟಾದ ಆ ಓಣಿಗೆ ಶಾಲೆಯ ವ್ಯಾನು ಬರುವ ಹೊತ್ತಾಯಿತೆಂದು ಗೊತ್ತಾಗುತ್ತಿತ್ತು. ಮೊದಲು ತಾಯಿ ವಿದ್ಯಾವತಿಯ ದನಿ, ಅದರ ಹಿಂದೆ ಹುಡುಗಿಯ ಚೀರಾಟ, ಕೊನೆಗೆ ಬಾಚಣಿಗೆ ನೆಲಕ್ಕೆ ಬಿದ್ದ ಸಪ್ಪಳ. ಸೊಂಟ ಮುಟ್ಟುವ ಕೂದಲು. ಅದನ್ನು ಎರಡು ಪಾಲು ಮಾಡಿ, ಎಣ್ಣೆ ಹಚ್ಚಿ, ಬಿಗಿದು ಹೆಣೆದು, ಮೇಲಕ್ಕೆ ಮಡಚಿ ಕೆಂಪು ರಿಬ್ಬನ್ ಕಟ್ಟಬೇಕು. ಉದ್ದ ಕೂದಲಿನವರಿಗೆ ಶಾಲೆಯಲ್ಲಿ ಅದೇ ನಿಯಮ. ಗಿಡ್ಡ ಕೂದಲಿನವರು ಹೇರ್‌ಬ್ಯಾಂಡ್ ಹಾಕಿಕೊಂಡು ಹೋದರೆ ನಡೆಯುತ್ತಿತ್ತು. ಎಡಗಡೆಯ ಜಡೆ ಮುಗಿಯುವುದರೊಳಗೆ ಕಾವ್ಯಾ ಎದ್ದು ಬೆಕ್ಕನ್ನು ನೋಡಿಬರುತ್ತಿದ್ದಳು. ಬಲಗಡೆಯದನ್ನು ಹಿಡಿದರೆ ಕುತ್ತಿಗೆ ಹೊರಳಿಸಿ ಗೋಡೆಯ ಮೇಲಿನ ಹಲ್ಲಿಯ ಜೊತೆ ಮಾತು. ವ್ಯಾನಿನವನು ಎರಡನೇ ಸಲ ಹಾರ್ನ್ ಬಾರಿಸಿದಾಗ ವಿದ್ಯಾವತಿಯ ಕೈ ತಾನಾಗಿ ಏಳುತ್ತಿತ್ತು. ಬಾಚಣಿಗೆಯಿಂದ ಹೆಗಲಿಗೊಂದು, ಬೆನ್ನಿಗೊಂದು. ವ್ಯಾನು ಹೋದ ಮೇಲೆ ಅವಳು ಆ ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಬಿಡಿಸುತ್ತ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಒಳಗೆ ರೊಟ್ಟಿಯ ಹಿಟ್ಟು ಕಾಯುತ್ತಿರುತ್ತಿತ್ತು.

ಆ ಕೂದಲು ಅತ್ತೆ ನೀಲಾಬಾಯಿಯ ಹೆಮ್ಮೆ. ಪ್ರತಿ ರವಿವಾರ ಮೊಮ್ಮಗಳನ್ನು ಕಾಲುಗಳ ನಡುವೆ ಒತ್ತಿ ಹಿಡಿದು ಎಣ್ಣೆ ತಿಕ್ಕುವವಳು ಅವಳೇ. ಬೀಗರು ಬಂದರೆ ಜಡೆ ಬಿಚ್ಚಿಸಿ ತೋರಿಸುತ್ತಿದ್ದಳು. ಈ ಕೂಸಿನದೆಲ್ಲ ಅಡ್ಡಾದಿಡ್ಡಿ, ದೇವರು ಕೂದಲೊಂದನ್ನು ಮಾತ್ರ ಮನಸ್ಸಿಟ್ಟು ಕೊಟ್ಟಿದ್ದಾನೆ ಎನ್ನುತ್ತಿದ್ದಳು.

ಅಡ್ಡಾದಿಡ್ಡಿ ಎಂಬುದಕ್ಕೆ ಹೆಸರೊಂದಿದೆಯೆಂದು ಮನೆಗೆ ತಿಳಿದದ್ದು ಈ ವರ್ಷ. ಕಾವ್ಯಾ ನಾಲ್ಕನೇ ಇಯತ್ತೆ. ದಡ್ಡಿಯಲ್ಲ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಾಳೆ, ಆದರೆ ಬರೆಯಲು ಕೊಟ್ಟದ್ದನ್ನು ಅರ್ಧಕ್ಕೆ ಬಿಟ್ಟು ಪಕ್ಕದವಳ ಚೀಲಕ್ಕೆ ಕೈ ಹಾಕುತ್ತಾಳೆ, ಡಾಕ್ಟರಿಗೆ ತೋರಿಸಿ ಎಂದು ಟೀಚರು ಹೇಳಿ ಕಳಿಸಿದ್ದರು. ವಿಜಯಪುರದಲ್ಲಿ ಮಕ್ಕಳ ಮನಸ್ಸಿನ ಡಾಕ್ಟರು ಜುಲೇಖಾ ಎಂಬವರು ಹುಡುಗಿಯನ್ನು ಮತ್ತೆ ಮತ್ತೆ ಕರೆಸಿ ನೋಡಿದರು, ಶಾಲೆಯವರನ್ನೂ ಕೇಳಿದರು, ಕೊನೆಗೆ ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ, ಮೈ ಸುಮ್ಮನಿರದ ತೊಂದರೆ ಎಂದರು. ನೀಲಾಬಾಯಿಗೆ ಅದು ಬಾಯಲ್ಲಿ ಹೊರಳಲಿಲ್ಲ. ಅವಳು ಅದನ್ನು 'ಇಂಗ್ಲೀಷ್ ಜಡ್ಡು' ಎಂದು ಕರೆದಳು.

ಮುಂಜಾನೆ ತಿಂಡಿಯಾದ ಮೇಲೆ ಒಂದೇ ಒಂದು ಗುಳಿಗೆ ಎಂದು ಹೇಳಿ, ಡಾಕ್ಟರು ವಿದ್ಯಾವತಿಯನ್ನು ಮತ್ತೆ ಕೂರಿಸಿಕೊಂಡಿದ್ದರು.

"ಗುಳಿಗಿ ಒಂದ ಎಲ್ಲಾ ಮಾಡೂದಿಲ್ರಿ. ಏನ್ ಸುಧಾರಿಸಬೇಕು ಅನ್ನೂದನ್ನ ಮೊದಲ ಗೊತ್ತು ಮಾಡ್ಕೋರಿ. ಮೂರ ಮಾತ ಸಾಕು. ಶ್ಯಾಣ್ಯಾಕಿ ಆಗಬೇಕು ಅಂತ ಅಲ್ಲ. ಕಣ್ಣಿಗೆ ಕಾಣುವಂಥಾದ್ದು, ಆಕಿ ಕೈಲೆ ಆಗುವಂಥಾದ್ದು. ಮನ್ಯಾಗಿನವರೆಲ್ಲಾ ಕೂಡಿ ಆರಿಸ್ರಿ. ಕಾವ್ಯಾನ್ನೂ ಕೇಳ್ರಿ. ಮುಂದ ಬಂದಾಗ ಆ ಮೂರ ಮಾತ ಹಿಡದ ನೋಡೂಣು, ಗುಳಿಗಿ ಮುಂದುವರಿಸೂದೋ ಏನೋ ಅಂತ."

ಮೂರು ಮಾತು. ಬಸ್ಸಿನಲ್ಲಿ ವಿದ್ಯಾವತಿ ಮನಸ್ಸಿನಲ್ಲೇ ತನ್ನದೊಂದನ್ನು ಆರಿಸಿಕೊಂಡಳು: ಹಾಸಿಗೆಯಿಂದ ವ್ಯಾನಿನವರೆಗಿನ ಆ ಹೊತ್ತು ಒಂದು ಏಟಿಲ್ಲದೆ ಕಳೆಯಬೇಕು. ಅಷ್ಟೇ ಸಾಕಿತ್ತು ಅವಳಿಗೆ.

ರಾತ್ರಿ ಊಟದಲ್ಲಿ ಮಾತು ತೆಗೆದಳು. ಮಾವ ಗುರಲಿಂಗಪ್ಪ ಮತ್ತು ಗಂಡ ಸಂಗನಬಸವ ತಟ್ಟೆಯ ಮುಂದೆ ಕೂತಿದ್ದರು. ಮೊಣಕಾಲು ನೋವಿನ ನೀಲಾಬಾಯಿ ಕುರ್ಚಿಯ ಮೇಲೆ. ಕಾವ್ಯಾ ಅರ್ಧ ರೊಟ್ಟಿ ತಿಂದು ಎದ್ದು ಬಾಗಿಲ ಚಿಲಕಕ್ಕೆ ಜೋತು ಬಿದ್ದಿದ್ದಳು. ವಿದ್ಯಾವತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಡಾಕ್ಟರು ಹೇಳಿದ್ದನ್ನು ಹೇಳಿದಳು.

ಗುರಲಿಂಗಪ್ಪನಿಗೆ ಯೋಚಿಸುವ ಅಗತ್ಯವಿರಲಿಲ್ಲ. ಊರ ಹೊರಗೆ ಅವನದು ಒಣದ್ರಾಕ್ಷಿಯ ಶೆಡ್ಡು. ಹಸಿ ದ್ರಾಕ್ಷಿಯನ್ನು ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವಿ ನೆರಳಲ್ಲಿ ಒಣಗಿಸುವ ಕೆಲಸ. ಹಿಂದಿನ ತಿಂಗಳು ಕಾವ್ಯಾ ಕಂಬ ಹತ್ತಿ ಬಲೆಯ ಹಗ್ಗ ಬಿಚ್ಚಿದ್ದಳು. ಅರೆ ಒಣಗಿದ ಮಾಲು ಮಣ್ಣಿಗೆ ಸುರಿದಿತ್ತು. ಆಕೆ ಶೆಡ್ಡಿನಲ್ಲಿ ಮಂಗನಾಟ ಬಿಡಬೇಕು ಎಂದ. ಸಂಗನಬಸವ ಮಾರ್ಕು ಎಂದ. ಎಲ್ಲದರಲ್ಲೂ ತೊಂಬತ್ತರ ಮೇಲೆ ಬರಬೇಕು, ಇಷ್ಟು ದೂರದ ಶಾಲೆಗೆ ಕಳಿಸುವುದು ಯಾಕೆ ಮತ್ತೆ.

"ಹೆಣ್ಣಹುಡುಗಿ," ಎಂದಳು ನೀಲಾಬಾಯಿ. "ನಾಕ ಮಂದಿ ಬಂದಾಗ ಕುಂತಲ್ಲೆ ಕುಂಡ್ರಬೇಕು. ನನಗ ಬ್ಯಾರೇನೂ ಬ್ಯಾಡ."

"ನನಗ ಅತ್ತಿ, ಮುಂಜಾನೆ…" ಎಂದು ವಿದ್ಯಾವತಿ ಶುರು ಮಾಡಿದಳು.

"ರೊಟ್ಟಿ ಹೊತ್ತಾಕತ್ತೈತಿ ನೋಡ ಬೇ," ಎಂದಳು ಅತ್ತೆ.

ಅವಳು ರೊಟ್ಟಿಯನ್ನು ತಿರುವಿದಳು. ತಿರುವಿ ಈ ಕಡೆ ನೋಡುವಷ್ಟರಲ್ಲಿ ಸಂಗನಬಸವ ಕೈ ತೊಳೆಯಲು ಎದ್ದಿದ್ದ. ಮೂರಾಯಿತಲ್ಲ, ಮುಗೀತು ಎಂದ. ಚಿಲಕಕ್ಕೆ ಜೋತು ಬಿದ್ದವಳನ್ನು ಕೇಳುವುದು ಎಲ್ಲರಿಗೂ ಮರೆಯಿತು. ವಿದ್ಯಾವತಿಗೂ.

ಗುಳಿಗೆ ಶುರುವಾಯಿತು. ಮೊದಲ ವಾರ ಏನೂ ಕಾಣಲಿಲ್ಲ. ಆಮೇಲೆ ಒಂದು ದಿನ ಲೆಕ್ಕದ ಪುಟವೊಂದು ತುದಿಮುಟ್ಟ ತುಂಬಿ ಬಂತು. ಟೀಚರು ಫೋನ್ ಮಾಡಿ ಖುಷಿಪಟ್ಟರು. ಆದರೆ ಊಟದ ಡಬ್ಬಿ ಕಟ್ಟಿದಂತೆಯೇ ತಿರುಗಿ ಬರತೊಡಗಿತು. ಚಪಾತಿ, ಶೇಂಗಾ ಹಿಂಡಿ, ಬೆಲ್ಲದ ಚೂರು, ಎಲ್ಲವೂ ಇದ್ದಲ್ಲೇ. ಹುಡುಗಿ ಸೊರಗುತ್ತಾಳೆ ಎಂದು ನೀಲಾಬಾಯಿ ಡಬ್ಬಿ ತೆರೆದು ಎಲ್ಲರಿಗೂ ತೋರಿಸುತ್ತಿದ್ದಳು, ವಿದ್ಯಾವತಿಯೇ ಅದನ್ನು ಮುಚ್ಚಿಟ್ಟಿದ್ದಳೇನೋ ಎಂಬಂತೆ.

ಮನೆಯಲ್ಲಿ ಬೇರೆ ಯಾರಿಗೂ ಹೊಳೆಯದ ಇನ್ನೊಂದು ಸಂಗತಿಯಿತ್ತು. ತಿಂಡಿಯಾಗಿ ಗುಳಿಗೆ ನುಂಗಿದ ಬೆನ್ನಿಗೇ ತಲೆ ಬಾಚುವುದು, ಗುಳಿಗೆಯ ಗುಣ ಏರುವ ಹೊತ್ತಿಗೆ ಹುಡುಗಿ ವ್ಯಾನಿನಲ್ಲಿರುತ್ತಿದ್ದಳು. ಸಂಜೆ ಹುಡುಗಿ ವ್ಯಾನಿನಿಂದ ಇಳಿಯುವ ಹೊತ್ತಿಗೆ ಅದರ ಗುಣ ಇಳಿದಿರುತ್ತಿತ್ತು. ಆಗ ಮೊದಲಿಗಿಂತ ಹೆಚ್ಚು ಸಿಡುಕು, ಅಳು, ಚೀಲ ಎಸೆಯುವುದು. ಒಳ್ಳೆಯ ಹೊತ್ತೆಲ್ಲ ಶಾಲೆಗೆ ಹೋಯಿತು, ಎರಡು ತುದಿ ಮಾತ್ರ ತನ್ನ ಪಾಲಿಗೆ ಉಳಿಯಿತು ಎಂದು ವಿದ್ಯಾವತಿಗೆ ಅನ್ನಿಸುತ್ತಿತ್ತು. ಬಾಚಣಿಗೆ ಹಾಗೆಯೇ ಏಳುತ್ತಿತ್ತು, ಹಾಗೆಯೇ ಬೀಳುತ್ತಿತ್ತು. ನೀರಿನ ಬಾಟಲಿ ಹಾಗೆಯೇ ಕಳೆಯುತ್ತಿತ್ತು. ವ್ಯಾನಿನಲ್ಲಿ ಬಿಟ್ಟೆ ಎನ್ನುವಳು, ಇಲ್ಲ ಕ್ಲಾಸಿನಲ್ಲಿ ಎನ್ನುವಳು, ಕೊನೆಗೆ ಗೊತ್ತಿಲ್ಲ ಎಂದು ಅಳುವಳು. ಹೊಸದು ತಂದಾಗಲೆಲ್ಲ ಸಂಗನಬಸವ, ಇದನ್ನು ಕೊರಳಿಗೆ ಕಟ್ಟಿ ಕಳಿಸು ಎನ್ನುತ್ತಿದ್ದ.

ಶೆಡ್ಡಿನ ಮಾಲು ಇಳಿಯಿತು. ಮನೆಯ ಹಿತ್ತಲಲ್ಲಿ ತಾಡಪಾಲು ಹಾಸಿ ಒಣದ್ರಾಕ್ಷಿ ಸುರಿದರು. ತೊಟ್ಟು ಬಿಡಿಸಿ, ಕಪ್ಪು ಬೇರೆ ಹಸಿರು ಬೇರೆ ಮಾಡುವ ಕೆಲಸಕ್ಕೆ ಆ ವರ್ಷ ಹೆಂಗಸರು ಸಾಲದೆ, ನೀಲಾಬಾಯಿ ತಾನೇ ರಾಶಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ರವಿವಾರ ತಿಂಡಿ ಮತ್ತು ಗುಳಿಗೆ ಮುಗಿಸಿದ ಕಾವ್ಯಾ ಸುಮ್ಮನೆ ಬಂದು ಅಜ್ಜಿಯ ಪಕ್ಕ ಕೂತು ಆರಿಸತೊಡಗಿದಳು. ಏಳಲಿಲ್ಲ. ಊಟಕ್ಕೆ ಕರೆದರೂ ಏಳಲಿಲ್ಲ. ಕೆಲಸಕ್ಕೆ ಬಂದಿದ್ದ ರೋಶನಬಿ ತನ್ನ ರಾಶಿಯನ್ನೂ ಅವಳ ರಾಶಿಯನ್ನೂ ನೋಡಿ ನಕ್ಕಳು.

"ಆಯಿ, ನಾಳಿಂದ ನಮ್ಮನ್ನ ಬಿಡಿಸಿ ಮೊಮ್ಮಗಳನ್ನ ಹಚ್ಚತೀರೇನ್ರಿ?"

ನೀಲಾಬಾಯಿಯ ಮುಖದಲ್ಲಿ ಬೆಳಕು ಬಂದಿತ್ತು. ಅಡುಗೆಮನೆಯ ಕಿಟಕಿಯಿಂದ ವಿದ್ಯಾವತಿ ಅದನ್ನು ನೋಡಿದಳು. ಒಂಬತ್ತು ವರ್ಷದ ಹುಡುಗಿ ರವಿವಾರವೆಲ್ಲ ಬಗ್ಗಿ ಕೂತು ತೊಟ್ಟು ಬಿಡಿಸುವುದು ಸರಿಯಲ್ಲ, ಹೋಗಿ ಎಬ್ಬಿಸಬೇಕು ಎಂದುಕೊಂಡಳು. ಎಬ್ಬಿಸಲಿಲ್ಲ. ಎಷ್ಟೋ ದಿನಗಳ ಮೇಲೆ ಅವತ್ತು ಅವಳು ಚಹಾವನ್ನು ಬಿಸಿಯಿರುವಾಗಲೇ ಕುಡಿದಳು.

ಮುಂದಿನ ರವಿವಾರ ಸಂಜೆ ಸಾಂಗಲಿಯ ವ್ಯಾಪಾರಿಗಳು ಮಾಲು ನೋಡಲು ಮನೆಗೆ ಬಂದರು. ಅಂಥ ಹೊತ್ತಿನಲ್ಲಿ ಕಾವ್ಯಾಳನ್ನು ಪಕ್ಕದ ಮನೆಗೆ ಕಳಿಸುವುದು ರೂಢಿ. ಅವತ್ತು ಆಕೆ ಪಡಸಾಲೆಯ ಜಮಖಾನೆಯ ಮೇಲೆ, ಬಿಚ್ಚಿ ಹರವಿದ ಕೂದಲಿನಲ್ಲಿ, ಅಜ್ಜಿಯ ಪಕ್ಕ ಗೊಂಬೆಯ ಹಾಗೆ ಕೂತಿದ್ದಳು. ಹೆಸರು ಕೇಳಿದರೆ ಹೆಸರು, ಶಾಲೆ ಕೇಳಿದರೆ ಶಾಲೆ. ವ್ಯಾಪಾರಿಯೊಬ್ಬ ಎಂಥ ಸಂಭಾವಿತ ಹುಡುಗಿ ಎಂದು ಗುರಲಿಂಗಪ್ಪನಿಗೆ ಹೇಳಿದ. ಚಹಾದ ತಾಟು ಹಿಡಿದು ಬಂದ ವಿದ್ಯಾವತಿಗೆ ಮಗಳ ತುಟಿ ಒಣಗಿದ್ದು, ಬೆರಳುಗಳು ಒಂದೇ ಸಮ ಲಂಗದ ಅಂಚನ್ನು ಕೀಳುತ್ತಿದ್ದದ್ದು ಕಂಡಿತು. ಆ ರಾತ್ರಿ ಹುಡುಗಿ ಕಣ್ಣು ಮುಚ್ಚಲಿಲ್ಲ, ತಾಯಿಗೂ ಮುಚ್ಚಗೊಡಲಿಲ್ಲ. ಸೋಮವಾರ ಪರೀಕ್ಷೆಯ ಹಾಳೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳೆಂದು ಶಾಲೆಯಿಂದ ಫೋನು ಬಂತು.

ವಿದ್ಯಾವತಿ ಫೋನಿಟ್ಟು ಗುಳಿಗೆಗಳನ್ನು ಎಣಿಸಿದಳು, ಒಂದು ಕಡಿಮೆಯಿತ್ತು. ಹಿತ್ತಲಿಗೆ ಹೋದಳು. ಅನುಮಾನ ಕೇಳಿ ಬಿಡಿಸಿಕೊಳ್ಳುವ ಕಷ್ಟವನ್ನೂ ನೀಲಾಬಾಯಿ ಕೊಡಲಿಲ್ಲ. ತಾನೇ ಕೊಟ್ಟೆ ಎಂದಳು, ಹಬ್ಬದ ಅಡುಗೆ ತಾನೇ ಮಾಡಿದೆ ಎನ್ನುವ ದನಿಯಲ್ಲಿ.

"ಮಂದಿ ಬರೂಕಿಂತ ಮೊದಲ ಒಂದ ನುಂಗಿಸಿದೆ. ಹೆಂಗ ಕುಂತಿದ್ದಳು, ನೀ ನೋಡಲಿಲ್ಲೇನು?"

"ಡಾಕ್ಟರ್ ಮುಂಜಾನೆ ಒಂದ ಅಂದಿದ್ರು ಅತ್ತಿ."

"ಒಂದಕ್ಕ ಅರ್ಧಾ ದಿನ ಕುಂಡ್ರತಾಳಂದ್ರ ಇನ್ನೊಂದಕ್ಕ ಉಳಿದ ಅರ್ಧಾ ದಿನ. ಇದಕ್ಕೇನ್ ಡಾಕ್ಟರ್‌ಕಿ ಕಲೀಬೇಕೇನು?"

"ರಾತ್ರಿಯೆಲ್ಲಾ ಕೂಸು ನಿದ್ದಿ ಮಾಡಿಲ್ರಿ. ಎದಿ ಹೊಡಕೊಳ್ಳಾಕತ್ತಿತ್ತು ಆಕಿದು. ಆಕಿ ಸುಮ್ಮ ಕುಂಡ್ರಲಿ ಅಂತ ಅಲ್ರಿ ಗುಳಿಗಿ ಕೊಟ್ಟದ್ದು."

"ಮತ್ಯಾಕ ಕೊಟ್ಟಾರ?" ನೀಲಾಬಾಯಿ ಮೊರವನ್ನು ಕೆಳಗಿಟ್ಟಳು. "ನೀನ ಹೇಳಲಾ. ಆವತ್ತ ಊಟದಾಗ ಅವರು ಹೇಳಿದ್ರು, ಸಂಗು ಹೇಳಿದ, ನಾ ಹೇಳಿದೆ. ಕುಂಡ್ರಬೇಕು ಅಂದಾಗ ಬ್ಯಾಡ ಅಂದೇನು? ಹ್ವಾದ ವಾರ ನನ್ನ ಬಾಜೂಕ ಕುಂತಾಗ ಬಂದ ಎಬ್ಬಿಸಿದೇನು? ಕಿಡಕ್ಯಾಗ ನಿಂತ ಚಾ ಕುಡ್ಯಾಕತ್ತಿದ್ದಿ. ನಾ ನೋಡೇನಿ."

ರೋಶನಬಿ ತಲೆ ಎತ್ತದೆ ತೊಟ್ಟು ಬಿಡಿಸುತ್ತಿದ್ದಳು.

ಸಂಜೆ ಸಂಗನಬಸವ ಇಬ್ಬರ ದೂರನ್ನೂ ಕೇಳಿದ. ತಾಯಿಗೆ, ಇನ್ನು ಮೇಲೆ ಕೊಡಬೇಡ ಎಂದ. ಹೆಂಡತಿಗೆ, ಅವಳೇನು ಕೆಟ್ಟದ್ದಕ್ಕೆ ಕೊಟ್ಟಳೇ ಎಂದ. ಆಮೇಲೆ ಬೆರಳು ಮಡಚಿದ: ಶೆಡ್ಡಿನಲ್ಲಿ ಕಂಬ ಹತ್ತುವುದು ನಿಂತಿದೆ, ಮಂದಿ ಬಂದರೆ ಕೂರುತ್ತಾಳೆ. ಮೂರರಲ್ಲಿ ಎರಡಾಯಿತು, ಮಾರ್ಕೊಂದು ಉಳಿಯಿತು. ಸುಧಾರಿಸಿದ್ದಾಳೆ ಅಂತಲೇ ಅಲ್ಲವೇ ಅರ್ಥ?

ವಿದ್ಯಾವತಿ ಗುಳಿಗೆಗಳನ್ನು ತನ್ನ ಟ್ರಂಕಿನೊಳಗಿಟ್ಟು ಕೀಲಿ ಹಾಕಿದಳು. ಮನೆಯಲ್ಲಿ ಅತ್ತೆಯೆದುರು ಕೀಲಿ ಹಾಕಿದ್ದು ಅದೇ ಮೊದಲು. ನೀಲಾಬಾಯಿ ಆ ಕೀಲಿಯ ಸದ್ದನ್ನು ಕೇಳಿಸಿಕೊಂಡಳು. ಮರುದಿನದಿಂದ ತನ್ನ ತಟ್ಟೆ ತಾನೇ ತೊಳೆದುಕೊಳ್ಳತೊಡಗಿದಳು.

ಮತ್ತೆ ಡಾಕ್ಟರ ಹತ್ತಿರ ಹೋಗುವ ದಿನ ಸಂಗನಬಸವನೂ ಬಂದ. ಶಾಲೆಗೆ ರಜೆ ಹಾಕಿಸಿದ್ದರೂ ನೀಲಾಬಾಯಿ ಮೊಮ್ಮಗಳಿಗೆ ಎರಡು ಜಡೆ ಹಾಕಿಸಿ ಕಳಿಸಿದ್ದಳು. ಕಾವ್ಯಾ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ತೆಗೆಯುತ್ತ ಮುಚ್ಚುತ್ತ ನಿಂತಳು. ಸಂಗನಬಸವ ಬೆರಳು ಮಡಚಿ ಎರಡು ಆಗಿದೆಯೆಂದು ಹೇಳಿದ. ಡಾಕ್ಟರು ಹುಡುಗಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿದರು, ಹುಬ್ಬು ಗಂಟಿಕ್ಕಿದರು. ನಿದ್ದೆ ಹೇಗೆ ಎಂದು ಕೇಳಿದಾಗ ವಿದ್ಯಾವತಿ ಗಂಡನ ಮುಖ ನೋಡದೆ ಎಲ್ಲ ಹೇಳಿದಳು. ಸಂಜೆಯ ಗುಳಿಗೆ, ವ್ಯಾಪಾರಿಗಳು, ಒಣದ್ರಾಕ್ಷಿಯ ರಾಶಿ, ತನ್ನ ಚಹಾ. ಸಂಗನಬಸವ ಕುರ್ಚಿಯಲ್ಲಿ ಮಗ್ಗುಲು ಬದಲಿಸಿದ. ಮನೆಯ ಮಾತು ಹೀಗೆ ಮೇಜಿನ ಮೇಲೆ ಬಿದ್ದದ್ದು ಅವನಿಗೆ ಸೇರಲಿಲ್ಲ.

ಡಾಕ್ಟರು ದನಿ ಏರಿಸಲಿಲ್ಲ. ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟರೆ ಮಗುವಿಗೆ ಅಪಾಯ, ಗುಳಿಗೆ ಒಬ್ಬರ ಕೈಯಲ್ಲೇ ಇರಲಿ, ತೂಕದ ಮೇಲೆ ತಾನು ಕಣ್ಣಿಡುತ್ತೇನೆ ಎಂದರು. ಆಮೇಲೆ ಸ್ಟೇಪ್ಲರಿನ ಕಡೆ ತಿರುಗಿದರು.

"ಕಾವ್ಯಾ, ನಿನಗ ಏನ್ ಸುಧಾರಿಸಬೇಕು ಅನಸ್ತೈತಿ?"

ಕಾವ್ಯಾ ಅಪ್ಪನನ್ನು ನೋಡಿದಳು. "ಕುಂಡ್ರತೇನ್ರಿ," ಎಂದಳು.

"ಅದು ಅವರದಾತು. ನಿಂದ ಹೇಳು."

ಸ್ಟೇಪ್ಲರು ನಿಂತಿತು. ಸಂಗನಬಸವ ಗಡಿಯಾರ ನೋಡಿದ.

"ಮುಂಜಾನೆ ಮಮ್ಮಿ ಹೊಡೀಬಾರದು." ಹೇಳಿದ ಮೇಲೆ ಹುಡುಗಿಗೆ ತಾಯಿಯ ಮೇಲೆ ಕರುಣೆ ಬಂದಿರಬೇಕು. "ಮಮ್ಮಿ ಸುಮ್ಮಸುಮ್ಮನ ಹೊಡಿಯಂಗಿಲ್ರಿ. ಕೂದಲದ ಸಲುವಾಗಿ ಹೊಡೀತಾಳ. ಜಗ್ಗಿದ್ರ ನನಗ ನಿಲ್ಲಾಕ ಬರಂಗಿಲ್ಲ."

"ಮತ್ತ?"

"ಬಾಟ್ಲಿ ಕಳೀಬಾರದು."

ಡಾಕ್ಟರು ವಿದ್ಯಾವತಿಯನ್ನು ನೋಡಿದರು. "ನಿಮ್ದೇನ್ರಿ? ಆ ಮೂರರೊಳಗ ನಿಮ್ದ ಯಾವ್ದಿತ್ತು?"

"ಯಾವ್ದೂ ಇರಲಿಲ್ರಿ," ಎಂದಳು ವಿದ್ಯಾವತಿ. "ಇದ್ದಿದ್ರ, ಆಕಿ ಮೊದಲ ಹೇಳಿದಳಲ್ಲಾ, ಅದಾ ಇರತಿತ್ತು."

ಹೊರಗೆ ಬಂದ ಮೇಲೆ ಸಂಗನಬಸವ ಬಿರುಸಾಗಿದ್ದ. ತನ್ನ ತಾಯಿಯನ್ನು ಡಾಕ್ಟರ ಮುಂದೆ ಕಳ್ಳಿ ಮಾಡಿದೆ ಎಂದ. ಮಾಲಿನ ಖಾಲಿ ಡಬ್ಬ ತರುವುದಿದೆ, ನೀವು ಬಸ್ಸಿಗೆ ಹೋಗಿ ಎಂದು ಗಾಂಧಿಚೌಕದಲ್ಲಿ ಇಳಿಸಿ ಗಾಡಿ ತಿರುಗಿಸಿದ.

ತಿಕೋಟಾದ ಬಸ್ಸು ನಿಲ್ಲುವ ಕಡೆಗೆ ನಡೆಯುವಾಗ ಕಾವ್ಯಾ ಕೈ ಬಿಡಿಸಿಕೊಂಡು ಮುಂದೆ ಓಡಿದಳು. ಎರಡು ಜಡೆಗಳಲ್ಲಿ ಒಂದು ಆಗಲೇ ಬಿಚ್ಚಿ ನೇತಾಡುತ್ತಿತ್ತು. ನಾಳೆ ಬೆಳಗಾದರೆ ಮತ್ತೆ ಅದು. ಡಾಕ್ಟರಿಗೆ ತಿಳಿಯಿತು, ತನಗೂ ತಿಳಿಯಿತು, ಆದರೂ ನಾಳೆ ವ್ಯಾನು ಎರಡನೇ ಸಲ ಹಾರ್ನ್ ಮಾಡಿದಾಗ ತನ್ನ ಕೈ ಏಳದೆ ಇರುವುದಿಲ್ಲ. ಅದು ಏಳುತ್ತದೆಂದು ವಿದ್ಯಾವತಿಗೆ ಖಚಿತವಾಗಿ ಗೊತ್ತಿತ್ತು. ಎದುರಿನ ಮೆಟ್ಟಿಲ ಮೇಲೆ ಪಾರ್ಲರಿನ ಫಲಕ ಕಂಡಿತು.

"ಕಾವ್ಯಾ, ಕೂದಲ ಕತ್ತರಿಸೂಣೇನು?"

"ಆಮ್ಯಾಲೆ ಜಗ್ಗೂದಿಲ್ಲೇನು?"

"ಜಗ್ಗಾಕ ಏನೂ ಇರೂದಿಲ್ಲ."

"ಆಯಿ ಏನಂತಾಳ?"

ವಿದ್ಯಾವತಿ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಪಾರ್ಲರಿನ ಹೆಂಗಸು ಜಡೆಯನ್ನು ಅಂಗೈಯಲ್ಲಿ ತೂಗಿ ನೋಡಿ, ಇಂಥದ್ದನ್ನು ಕತ್ತರಿಸಲು ಕೈ ಬರುವುದಿಲ್ಲ, ಮನೆಯಲ್ಲಿ ಕೇಳಿ ಬಂದಿದ್ದೀರಾ ಎಂದಳು. ಮನೆಯವಳು ನಾನೇ ಎಂದಳು ವಿದ್ಯಾವತಿ. ಕಾವ್ಯಾ ತಿರುಗುವ ಕುರ್ಚಿಯನ್ನು ತಿರುಗಿಸುತ್ತಲೇ ಇದ್ದಳು. ಅದನ್ನು ಹಿಡಿದು ನಿಲ್ಲಿಸಿ ನಿಲ್ಲಿಸಿ ಕತ್ತರಿಸಬೇಕಾಯಿತು. ಕಿವಿಯ ಕೆಳಗೆ ಬಂದು ನಿಂತ ಕೂದಲನ್ನು ಕೊಡವಿ ಹುಡುಗಿ ಕನ್ನಡಿಯಲ್ಲಿ ನಾಲಿಗೆ ಚಾಚಿದಳು. ಜಡೆಗಳನ್ನು ಆ ಹೆಂಗಸು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟಳು. ಬಸ್ಸಿನಲ್ಲಿ ಅದು ವಿದ್ಯಾವತಿಯ ತೊಡೆಯ ಮೇಲಿತ್ತು. ಅಷ್ಟು ಭಾರ ಇರುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ನೀಲಾಬಾಯಿ ಮೊದಲು ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ಹತ್ತಿರ ಕರೆದು ಹುಡುಗಿಯ ಕುತ್ತಿಗೆಯ ಹಿಂದೆ ಕೈಯಾಡಿಸಿದಳು, ಅಲ್ಲಿ ಏನೋ ಸಿಕ್ಕೇ ಸಿಗುತ್ತದೆ ಎಂಬಂತೆ. ಆಮೇಲೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ವಿದ್ಯಾವತಿ ಕಾಯುತ್ತಿದ್ದ ಬೈಗುಳ ಬರಲಿಲ್ಲ.

"ಆಕಿ ಮೈಯಾಗ ಒಂದ ನೆಟ್ಟಗಿತ್ತು," ಎಂದಳು ಮುದುಕಿ. "ಅದನ್ನೂ ಕತ್ತರಿಸ್ಕೊಂಡ ಬಂದಿ."

ಗುರಲಿಂಗಪ್ಪ ಚಹಾ ಮುಟ್ಟದೆ ಶೆಡ್ಡಿಗೆ ಹೋದ. ಕತ್ತಲಾದ ಮೇಲೆ ಬಂದ ಸಂಗನಬಸವ ಮಗಳ ತಲೆ ನೋಡಿ, ಹೆಂಡತಿಯನ್ನು ನೋಡಿ, ತನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದ.

"ಮೂರ ಮಾತ ಆರಿಸುವಾಗ ನನಗ ಯಾರ ಕೇಳಿದ್ರಿ?" ಎಂದಳು ವಿದ್ಯಾವತಿ, ರೊಟ್ಟಿ ಬಡಿಯುತ್ತ. ಈ ಸಲ ರೊಟ್ಟಿ ಹೊತ್ತಿತು. ಯಾರೂ ಹೇಳಲಿಲ್ಲ. ನೀಲಾಬಾಯಿ ಊಟಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ತಿಂಡಿಯಾಯಿತು, ಗುಳಿಗೆಯಾಯಿತು. ಬಾಚಣಿಗೆ ಎರಡು ಸಲ ಆಡಿತು, ಹೇರ್‌ಬ್ಯಾಂಡ್ ಕೂತಿತು, ಮುಗಿಯಿತು. ವ್ಯಾನು ಇನ್ನೂ ಬಂದಿರಲಿಲ್ಲ. ಇಷ್ಟು ಹೊತ್ತನ್ನು ಏನು ಮಾಡಬೇಕೆಂದು ತಾಯಿಗೂ ತಿಳಿಯಲಿಲ್ಲ, ಮಗಳಿಗೂ ತಿಳಿಯಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕೂತರು. ಕಾವ್ಯಾ ಕಾಲು ಅಲ್ಲಾಡಿಸುತ್ತ, ವ್ಯಾನಿನಲ್ಲಿ ತನ್ನ ಪಕ್ಕ ಕೂರುವ ಹುಡುಗಿ ದಿನಾ ಉಪ್ಪು ಹಚ್ಚಿದ ಹುಣಸೆಹಣ್ಣು ತರುತ್ತಾಳೆ, ಟೀಚರಿಗೆ ಗೊತ್ತಿಲ್ಲ, ಡ್ರೈವರನಿಗೆ ಗೊತ್ತಿದೆ, ಅವನಿಗೂ ಒಂದು ಪಾಲು ಹೋಗುತ್ತದೆ ಎಂದು ಹೇಳಿದಳು. ಈ ಸುದ್ದಿ ಎಷ್ಟು ದಿನದ್ದೋ. ಕೇಳಲು ಇವತ್ತೇ ಪುರಸೊತ್ತಾದದ್ದು. ಓಣಿಯ ತುದಿಯಲ್ಲಿ ಮೊದಲ ಹಾರ್ನ್ ಕೇಳಿದ್ದೇ ಹುಡುಗಿ ಜಿಗಿದು ಓಡಿದಳು. ಏಟಿಲ್ಲ, ಅಳುವಿಲ್ಲ. ಎದುರು ಮನೆಯವಳು ಏನು ಇವತ್ತು ಶಾಲೆಗೆ ಸೂಟಿ ಇದೆಯೇ ಎಂದು ಹೊರಗೆ ಇಣುಕಿದಳು.

ವ್ಯಾನು ತಿರುವು ದಾಟಿದ ಮೇಲೆ ವಿದ್ಯಾವತಿ ಏಳಹೋದಳು. ಪಕ್ಕದಲ್ಲಿ, ಹುಡುಗಿ ಕೂತ ಜಾಗದಲ್ಲಿ, ತುಂಬಿದ ನೀರಿನ ಬಾಟಲಿ ನಿಂತಿತ್ತು.

ಅದನ್ನು ಕೈಗೆತ್ತಿಕೊಂಡು ಅವಳು ಹಾಗೇ ನಿಂತಳು. ಹಿಂದೆ ಬಾಗಿಲಲ್ಲಿ ಸೀರೆಯ ಸರಬರ ಕೇಳಿಸಿತು. ನಿನ್ನೆಯಿಂದ ಬಾಯಿ ಬಿಡದ ನೀಲಾಬಾಯಿ ಬಾಗಿಲ ಚೌಕಟ್ಟಿಗೆ ಒರಗಿ ಖಾಲಿ ಓಣಿಯನ್ನು ನೋಡುತ್ತಿದ್ದಳು.

"ಕೂದಲ ಹೋತು, ಬಾಟ್ಲಿ ಉಳೀತು," ಎಂದಳು. ಬಾಟಲಿಯ ಕಡೆ ನೋಡಿ, "ಕೂಸು ಸಂಜೀತನಕ ನೀರಿಲ್ಲದ ಇರತೈತಿ. ಯಾವ್ದರ ಬಸ್ಸಿನ್ಯಾಗ ಕೊಟ್ಟ ಕಳಸಾಕ ಬರತೈತೇನ್ ನೋಡು," ಎಂದು ಒಳಗೆ ಹೋದಳು.